ಮನೆಯಲ್ಲಿ ಮೊದಲಿಗರು ಕಾಲೇಜಿಗೆ ಹೊರಟಾಗ

1928ರ ಮಾತು. ಅಮೆರಿಕದ ಟೆಕ್ಸಾಸ್ ರಾಜ್ಯದ ದಕ್ಷಿಣ ಭಾಗದಲ್ಲಿ, ಮೆಕ್ಸಿಕೊ ಗಡಿಯತ್ತ ಹೋಗುವ ದಾರಿಯಲ್ಲಿ ಕಟೂಲಾ ಎಂಬ ಸಣ್ಣ ಊರು. ಅಲ್ಲಿನ ವೆಲ್‌ಹೌಸನ್ ಶಾಲೆಗೆ ಬರುತ್ತಿದ್ದವರು ಮೆಕ್ಸಿಕನ್ ಮೂಲದ ಬಡವರ ಮಕ್ಕಳು. ಆ ವರ್ಷ ಶಾಲೆಗೆ ಇಪ್ಪತ್ತು ವರ್ಷದ ಹೊಸ ಮೇಷ್ಟ್ರೊಬ್ಬರು ಬಂದರು. ಅವರ ಸ್ವಂತ ಓದೇ ಇನ್ನೂ ಮುಗಿದಿರಲಿಲ್ಲ. ಕಾಲೇಜಿನ ಖರ್ಚಿಗೆ ಹಣ ಸಾಲದೆ ಓದನ್ನು ನಡುವೆ ನಿಲ್ಲಿಸಿ ಸಂಬಳಕ್ಕೆಂದು ಬಂದವರು ಅವರು. ಐದು, ಆರು, ಏಳನೆಯ ತರಗತಿಗಳಿಗೆ ಪಾಠ ಹೇಳಬೇಕಿತ್ತು. ಜೊತೆಗೆ ಮುಖ್ಯೋಪಾಧ್ಯಾಯರ ಕೆಲಸವೂ ಅವರ ತಲೆಯ ಮೇಲೆಯೇ ಬಿತ್ತು. ಎಷ್ಟೋ ಮಕ್ಕಳು ಬೆಳಿಗ್ಗೆ ಏನೂ ತಿನ್ನದೆ ಹಸಿದ ಹೊಟ್ಟೆಯಲ್ಲಿ ತರಗತಿಗೆ ಬರುತ್ತಿದ್ದರು.

ಆ ಮೇಷ್ಟ್ರ ಹೆಸರು ಲಿಂಡನ್ ಜಾನ್ಸನ್. ಮುಂದೆ ಅಮೆರಿಕದ ಅಧ್ಯಕ್ಷರಾದ ಅವರು 1965ರ ನವೆಂಬರ್ 8ರಂದು ಉನ್ನತ ಶಿಕ್ಷಣ ಕಾಯ್ದೆಗೆ ಸಹಿ ಹಾಕಲು ಆರಿಸಿಕೊಂಡದ್ದು ರಾಜಧಾನಿಯನ್ನಲ್ಲ, ಸ್ಯಾನ್ ಮಾರ್ಕೋಸ್ ಪಟ್ಟಣದಲ್ಲಿ ತಾವು ಓದಿದ ಕಾಲೇಜನ್ನು. ಅಂದು ಅವರು ವೆಲ್‌ಹೌಸನ್ ಶಾಲೆಯ ಮಕ್ಕಳ ಮುಖಗಳನ್ನು ನೆನೆದರು. ಅವರಲ್ಲಿ ಹೆಚ್ಚು ಕಡಿಮೆ ಎಲ್ಲರಿಗೂ ಬಡತನದ ಕಾರಣದಿಂದಲೇ ಕಾಲೇಜಿನ ಬಾಗಿಲು ಮುಚ್ಚಿದೆ ಎಂದು ತಮಗೆ ಅರಿವಾದ ನೋವನ್ನು ಹೇಳಿಕೊಂಡರು.

ರಾಜಕಾರಣಿಗಳ ನೆನಪುಗಳನ್ನು ಸ್ವಲ್ಪ ಜರಡಿ ಹಿಡಿದೇ ಕೇಳಬೇಕು, ನಿಜ. ಆದರೂ ಈ ನೆನಪಿನ ಬೆನ್ನಿಗೆ ಒಂದು ಕಾನೂನು, ಕಾನೂನಿನ ಬೆನ್ನಿಗೆ ಹಣ ಬಂತು ಎಂಬುದನ್ನು ಮರೆಯುವಂತಿಲ್ಲ. ಬಡ ಕುಟುಂಬಗಳಿಂದ, ಅದರಲ್ಲೂ ಮನೆಯಲ್ಲಿ ಯಾರೂ ಪದವಿ ಪಡೆಯದ ಕುಟುಂಬಗಳಿಂದ ಬಂದ ಹೈಸ್ಕೂಲು ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ಅಮೆರಿಕದ ಸರ್ಕಾರಿ ಕಾರ್ಯಕ್ರಮಗಳು ಮೊಳೆತದ್ದು ಆ ಕಾಲದಲ್ಲಿ. ಅವುಗಳಲ್ಲಿ ಹಿರಿಯದು ‘ಅಪ್‌ವರ್ಡ್ ಬೌಂಡ್’, ಅಂದರೆ ಮೇಲಕ್ಕೆ ಹೊರಟವರು ಎಂದರ್ಥ.

ಕಾಲಕ್ರಮದಲ್ಲಿ ನೋಡಿದರೆ ಅಪ್‌ವರ್ಡ್ ಬೌಂಡ್ ಉನ್ನತ ಶಿಕ್ಷಣ ಕಾಯ್ದೆಗಿಂತ ಸ್ವಲ್ಪ ಮೊದಲಿನದು. 1964ರಲ್ಲಿ ಜಾನ್ಸನ್ ಬಡತನದ ವಿರುದ್ಧ ಸಮರ ಸಾರಿದರು. ಅದೇ ವರ್ಷ ಆರ್ಥಿಕ ಅವಕಾಶ ಕಾಯ್ದೆ ಬಂತು. ಸಾರ್ಜೆಂಟ್ ಶ್ರೈವರ್ ಅವರ ನೇತೃತ್ವದಲ್ಲಿ ಹುಟ್ಟಿದ ಹೊಸ ಕಚೇರಿ 1965ರ ಬೇಸಿಗೆಯಲ್ಲಿ ಸುಮಾರು ಎರಡು ಸಾವಿರ ವಿದ್ಯಾರ್ಥಿಗಳನ್ನು ಕಾಲೇಜು ಆವರಣಗಳಿಗೆ ಕರೆತಂದು ಪ್ರಯೋಗ ನಡೆಸಿತು. ಮರುವರ್ಷದಿಂದ ಅದು ದೇಶವ್ಯಾಪಿ ಯೋಜನೆ. 1965ರ ಕಾಯ್ದೆಯಿಂದ ‘ಟ್ಯಾಲೆಂಟ್ ಸರ್ಚ್’ ಎಂಬ ಎರಡನೆಯದು ಸೇರಿತು. 1968ರಲ್ಲಿ, ಕಾಲೇಜು ಸೇರಿದ ಮೇಲೆ ಕೈ ಹಿಡಿಯುವ ಮೂರನೆಯದೂ ಬಂತು. ಮೂರು ಸೇರಿದ್ದಕ್ಕೆ ‘ಟ್ರಿಯೊ’ ಎಂಬ ಹೆಸರಾಯಿತು. ಈಗ ಅದರಡಿಯ ಕಾರ್ಯಕ್ರಮಗಳು ಎಂಟು. ಆದರೂ ಹೆಸರು ‘ಮೂವರು’ ಎಂದೇ ಉಳಿದುಕೊಂಡಿದೆ!

ಇಷ್ಟಕ್ಕೂ ಕಾಲೇಜು ಸೇರುವುದಕ್ಕೆ ತಯಾರಿ ಏಕೆ ಬೇಕು? ಅಂಕ ಬಂದರೆ ಸೀಟು, ಇಲ್ಲದಿದ್ದರೆ ಇಲ್ಲ ಎಂಬ ನಮ್ಮ ಅಂಕಪಟ್ಟಿಯ ಲೆಕ್ಕಕ್ಕೆ ಒಗ್ಗಿದವರಿಗೆ ಈ ಪ್ರಶ್ನೆ ಏಳುವುದು ಸಹಜ. ಅಮೆರಿಕದಲ್ಲಿ ದಾರಿ ಅಷ್ಟು ನೇರವಲ್ಲ. ಅಲ್ಲಿ ಹೈಸ್ಕೂಲು ಎಂದರೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷ. ಯಾವ ಗಣಿತ, ಯಾವ ವಿಜ್ಞಾನ ಎಂಬುದನ್ನು ವಿದ್ಯಾರ್ಥಿಯೇ ಆಯ್ದುಕೊಳ್ಳುತ್ತಾನೆ, ಅಥವಾ ಶಾಲೆ ಅವನಿಗಾಗಿ ಆಯ್ದುಬಿಡುತ್ತದೆ. ಒಂಬತ್ತನೆಯ ತರಗತಿಯಲ್ಲಿ ಬೀಜಗಣಿತ ಬಿಟ್ಟ ಹುಡುಗಿಗೆ ಹನ್ನೆರಡನೆಯದರಲ್ಲಿ ಎಂಜಿನಿಯರಿಂಗ್ ಆಸೆ ಹುಟ್ಟಿದರೆ ಕಾಲ ಮಿಂಚಿರುತ್ತದೆ. ಆಗ ಬೀಜಗಣಿತ ಬಿಡಬೇಡ ಎಂದು ಹೇಳುವವರು ಯಾರು? ಅಪ್ಪ ಅಮ್ಮ ಕಾಲೇಜು ಕಂಡವರಾದರೆ ಊಟದ ಮೇಜಿನ ಬಳಿಯೇ ಆ ಮಾತು ಬಂದುಹೋಗುತ್ತದೆ. ಇಲ್ಲದಿದ್ದರೆ ಶಾಲೆಯ ಸಲಹೆಗಾರರೇ ಗತಿ. ಒಬ್ಬೊಬ್ಬ ಸಲಹೆಗಾರರ ಪಾಲಿಗೆ ನೂರಾರು ಮಕ್ಕಳು.

ಅಷ್ಟಕ್ಕೇ ಮುಗಿಯುವುದಿಲ್ಲ. ಪ್ರತಿ ಕಾಲೇಜಿಗೂ ಬೇರೆ ಬೇರೆ ಅರ್ಜಿ, ಅರ್ಜಿಯ ಜೊತೆಗೆ ತನ್ನ ಬಗ್ಗೆ ತಾನೇ ಬರೆದ ಪ್ರಬಂಧ, ಮೇಷ್ಟ್ರುಗಳ ಶಿಫಾರಸು ಪತ್ರ, ಕೆಲವು ಕಡೆ ಎಸ್‌ಎಟಿ ಪರೀಕ್ಷೆಯ ಅಂಕ. ಇವೆಲ್ಲ ಹನ್ನೆರಡನೆಯ ತರಗತಿ ಅರ್ಧ ಮುಗಿಯುವ ಹೊತ್ತಿಗೇ ಕಾಲೇಜು ತಲುಪಬೇಕು. ತನ್ನ ಬಗ್ಗೆ ತಾನೇ ಹೊಗಳಿಕೊಂಡು ಬರೆಯುವುದು ಒಂದು ವಿದ್ಯೆ. ದೊಡ್ಡವರ ಮುಂದೆ ತಗ್ಗಿ ನಡೆ ಎಂದು ಕಲಿಸುವ ಮನೆಯಿಂದ ಬಂದ ಮಗುವಿಗೆ ಅದು ಬೀಜಗಣಿತಕ್ಕಿಂತ ಕಷ್ಟವಾದೀತು.

ಅಪ್‌ವರ್ಡ್ ಬೌಂಡ್ ಈ ಕೊರತೆಯನ್ನು ತುಂಬುವ ರೀತಿ ಹೀಗೆ. ಹಣ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆಯದು. ನಡೆಸುವವರು ಹೆಚ್ಚಾಗಿ ಊರಿನ ಅಥವಾ ಹತ್ತಿರದ ಕಾಲೇಜು, ವಿಶ್ವವಿದ್ಯಾಲಯಗಳು. ಎಂಟನೆಯ ತರಗತಿ ಮುಗಿಸಿದ, 13ರಿಂದ 19 ವರ್ಷದೊಳಗಿನ ಮಕ್ಕಳನ್ನು ಆರಿಸಲಾಗುತ್ತದೆ. ಶಾಲೆ ನಡೆಯುವ ತಿಂಗಳುಗಳಲ್ಲಿ ಸಂಜೆ ಅಥವಾ ಶನಿವಾರ ಹೆಚ್ಚುವರಿ ಪಾಠ. ಗಣಿತ, ಪ್ರಯೋಗಶಾಲೆಯ ವಿಜ್ಞಾನ, ಬರವಣಿಗೆ, ಸಾಹಿತ್ಯ, ಒಂದು ವಿದೇಶಿ ಭಾಷೆ ಇರಲೇಬೇಕು ಎಂಬುದು ನಿಯಮ. ಬೇಸಿಗೆ ರಜೆಯಲ್ಲಿ ಆರು ವಾರ ಕಾಲೇಜಿನ ಆವರಣದಲ್ಲಿ ತರಬೇತಿ. ಬಹಳ ಕಡೆ ಮಕ್ಕಳು ಅಲ್ಲಿನ ವಿದ್ಯಾರ್ಥಿ ನಿಲಯದಲ್ಲೇ ಉಳಿಯುತ್ತಾರೆ. ಹನ್ನೆರಡನೆಯ ತರಗತಿ ಮುಗಿದ ಮೇಲಿನ ಬೇಸಿಗೆಯಲ್ಲಿ ಕಾಲೇಜಿನ ನಿಜವಾದ ಪಾಠಗಳನ್ನೇ ಓದಲು ಅವಕಾಶವಿರುವ ಕಡೆಗಳೂ ಇವೆ.

ಈ ಆರು ವಾರಗಳಲ್ಲಿ ಕಲಿತ ಜ್ಯಾಮಿತಿ ಎಷ್ಟು ನೆನಪಿನಲ್ಲಿ ಉಳಿಯುತ್ತದೆಯೋ ತಿಳಿಯದು. ಆದರೆ ಗ್ರಂಥಾಲಯದ ಬಾಗಿಲು ಎಲ್ಲಿದೆ, ಊಟದ ಹಾಲ್‌ನಲ್ಲಿ ತಟ್ಟೆ ಹಿಡಿದು ಎಲ್ಲಿ ನಿಲ್ಲಬೇಕು, ಬೇರೆ ಊರಿನವರ ಜೊತೆ ಒಂದೇ ಕೋಣೆಯಲ್ಲಿ ಹೇಗೆ ಮಲಗಬೇಕು ಎಂಬುದು ತಿಳಿಯುತ್ತದೆ. ಅಮೆರಿಕದ ಪ್ರಾಧ್ಯಾಪಕರು ವಾರದಲ್ಲಿ ಇಂತಿಷ್ಟು ಗಂಟೆ ‘ಆಫೀಸ್ ಅವರ್ಸ್’ ಎಂದು ಬಾಗಿಲ ಮೇಲೆ ಬರೆದಿಟ್ಟು ಕೂರುತ್ತಾರೆ. ಅದು ವಿದ್ಯಾರ್ಥಿಗಳು ಬಂದು ಅನುಮಾನ ಕೇಳಲೆಂದು ಇಟ್ಟ ಸಮಯ. ಆದರೆ ಅಲ್ಲಿನ ಬಡ ಮನೆಗಳ ಮಕ್ಕಳಲ್ಲಿ ಎಷ್ಟೋ ಮಂದಿ, ಅದು ಪ್ರಾಧ್ಯಾಪಕರು ತಮ್ಮ ಕೆಲಸ ಮಾಡಿಕೊಳ್ಳುವ ಸಮಯ, ತೊಂದರೆ ಕೊಡಬಾರದು ಎಂದು ತಿಳಿದು ಆ ಬಾಗಿಲಿನ ಮುಂದೆ ಸದ್ದಿಲ್ಲದೆ ಹಾದುಹೋಗುತ್ತಾರಂತೆ. ಯಾವ ಪಠ್ಯಪುಸ್ತಕದಲ್ಲೂ ಇಲ್ಲದ ಪಾಠ ಇದು.

ಸಣ್ಣ ಶಿಷ್ಯವೇತನವೂ ಉಂಟು. ನಿಯಮದ ಪ್ರಕಾರ ಶಾಲಾ ತಿಂಗಳುಗಳಲ್ಲಿ ತಿಂಗಳಿಗೆ ಹೆಚ್ಚೆಂದರೆ 40 ಡಾಲರ್, ಬೇಸಿಗೆಯಲ್ಲಿ 60 ಡಾಲರ್. ಅಮೆರಿಕದಲ್ಲಿ ಈ ಹಣಕ್ಕೆ ಹೆಚ್ಚೇನೂ ಬಾರದು. ಬೇಸಿಗೆ ರಜೆ ಎಂದರೆ ಅಂಗಡಿಯಲ್ಲೋ ಹೋಟೆಲಿನಲ್ಲೋ ದುಡಿದು ಮನೆಗೆ ನಾಲ್ಕು ಕಾಸು ತರುವ ಕಾಲ. ಆ ದುಡಿಮೆಯನ್ನು ಬಿಟ್ಟು ಮಗಳು ಆರು ವಾರ ಕಾಲೇಜಿನಲ್ಲಿ ಕುಳಿತರೆ ಮನೆಗೆ ಆಗುವ ನಷ್ಟವನ್ನು ಈ ಹಣ ತುಂಬಿಕೊಡುವುದಿಲ್ಲ. ಕಾರ್ಯಕ್ರಮ ಉಚಿತ ಎಂದು ಹೇಳುವಾಗ ಈ ಲೆಕ್ಕವನ್ನು ಯಾರೂ ಹಾಕುವುದಿಲ್ಲ.

ಯಾರು ಈ ಕಾರ್ಯಕ್ರಮಕ್ಕೆ ಅರ್ಹರು? ಇಲ್ಲಿ ‘ಮೊದಲ ತಲೆಮಾರು’ ಎಂಬ ಮಾತು ಬರುತ್ತದೆ. ಇದು ಈಗ ಎಲ್ಲರ ಬಾಯಲ್ಲೂ ಇದ್ದರೂ ಕಾನೂನಿನ ಪುಟಕ್ಕೆ ಬಂದದ್ದು 1980ರ ತಿದ್ದುಪಡಿಯಲ್ಲಿ. ಅದನ್ನು ಚಾಲ್ತಿಗೆ ತರಲು ದುಡಿದವರಲ್ಲಿ ಮುಖ್ಯರು ಮಿಲ್ವಾಕಿಯ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ ಇಂಥ ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದ ಆರ್ನಲ್ಡ್ ಮಿಚೆಮ್. ಕರಿಯರಿಗೆ ಮಾತ್ರ, ಮೆಕ್ಸಿಕನ್ನರಿಗೆ ಮಾತ್ರ ಎಂದು ಕಂಡರೆ ಯೋಜನೆಗೆ ರಾಜಕೀಯ ವಿರೋಧ ಏಳುತ್ತಿದ್ದ ಕಾಲ ಅದು. ತಂದೆತಾಯಿಗಳ ಓದನ್ನೇ ಅಳತೆಗೋಲಾಗಿ ಮಾಡಿದರೆ ಅಪಲಾಚಿಯಾ ಬೆಟ್ಟಸೀಮೆಯ ಬಿಳಿಯ ಗಣಿ ಕಾರ್ಮಿಕನ ಮಗನೂ ಷಿಕಾಗೊದ ಕರಿಯ ಕಾರ್ಮಿಕಳ ಮಗಳೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಜಾಣತನದ ಮಾತು. ಅದರಲ್ಲಿ ಸತ್ಯವೂ ಇತ್ತು.

ಕಾನೂನಿನ ಪ್ರಕಾರ ತಂದೆ ತಾಯಿ ಇಬ್ಬರಿಗೂ ನಾಲ್ಕು ವರ್ಷದ ಪದವಿ ಇಲ್ಲದಿದ್ದರೆ ಮಗು ಮೊದಲ ತಲೆಮಾರಿನದು. ಒಬ್ಬರೇ ಸಾಕುತ್ತಿದ್ದರೆ ಅವರೊಬ್ಬರ ಓದು ಮಾತ್ರ ಲೆಕ್ಕಕ್ಕೆ. ಅಪ್‌ವರ್ಡ್ ಬೌಂಡ್‌ಗೆ ಸೇರುವ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲು ಬಡವರೂ ಆಗಿರಬೇಕು, ಮೊದಲ ತಲೆಮಾರಿನವರೂ ಆಗಿರಬೇಕು. ಬಡವರು ಎಂದರೆ ಕುಟುಂಬದ ತೆರಿಗೆಗೊಳಪಡುವ ಆದಾಯ ಸರ್ಕಾರದ ಬಡತನದ ರೇಖೆಯ ಒಂದೂವರೆ ಪಟ್ಟನ್ನು ಮೀರದವರು. 2024ರ ಲೆಕ್ಕದಲ್ಲಿ ನಾಲ್ವರ ಕುಟುಂಬಕ್ಕೆ ಇದು ವರ್ಷಕ್ಕೆ 46,800 ಡಾಲರ್. ಈ ವ್ಯಾಖ್ಯೆಯ ಒಂದು ತಮಾಷೆ ನೋಡಿ: ಜಾನ್ಸನ್ ಅವರ ತಾಯಿ ರೆಬೆಕಾ ಪದವೀಧರೆ. ಆದ್ದರಿಂದ ಹಣವಿಲ್ಲದೆ ಓದು ನಿಲ್ಲಿಸಿದ ಆ ಮೇಷ್ಟ್ರು ಮೊದಲ ತಲೆಮಾರಿನ ವಿದ್ಯಾರ್ಥಿ ಅನ್ನಿಸಿಕೊಳ್ಳುತ್ತಿರಲಿಲ್ಲ.

ಸರ್ಕಾರದ ಹೊರಗೂ ಪ್ರಯತ್ನಗಳು ನಡೆದಿವೆ. ಅವುಗಳಲ್ಲಿ ಹೆಚ್ಚು ಹರಡಿದ್ದು ಒಬ್ಬ ಇಂಗ್ಲಿಷ್ ಮೇಡಂ ತಮ್ಮ ಒಂದು ತರಗತಿಯಲ್ಲಿ ಶುರು ಮಾಡಿದ್ದು. 1980ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ, ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳು ಒಟ್ಟಿಗೆ ಓದಬೇಕೆಂಬ ನ್ಯಾಯಾಲಯದ ಆದೇಶದಿಂದಾಗಿ ಬಡ ಬಡಾವಣೆಗಳ ಮಕ್ಕಳು ಬಸ್ಸಿನಲ್ಲಿ ಕ್ಲೇರ್‌ಮಾಂಟ್ ಹೈಸ್ಕೂಲಿಗೆ ಬರತೊಡಗಿದರು. ಇವರಿಗೆ ಸುಲಭದ ತರಗತಿಗಳನ್ನು ಕೊಟ್ಟರಾಯಿತು ಎಂಬುದು ರೂಢಿಯ ಯೋಚನೆ. ಮೇರಿ ಕ್ಯಾಥರಿನ್ ಸ್ವಾನ್ಸನ್ ಅದಕ್ಕೆ ಒಪ್ಪಲಿಲ್ಲ. 32 ಮಕ್ಕಳನ್ನು ಆರಿಸಿ ಕಷ್ಟದ ತರಗತಿಗಳಿಗೇ ಸೇರಿಸಿದರು. ಜೊತೆಗೆ ದಿನಕ್ಕೊಂದು ಪೀರಿಯಡ್ ಅವರನ್ನು ಕೂರಿಸಿಕೊಂಡು ಟಿಪ್ಪಣಿ ಬರೆದುಕೊಳ್ಳುವುದು, ಕಾಗದಗಳನ್ನು ಜೋಡಿಸಿಡುವುದು, ಗೊತ್ತಿಲ್ಲದ್ದನ್ನು ನಾಚದೆ ಕೇಳುವುದು ಇವನ್ನು ಹೇಳಿಕೊಟ್ಟರು. ನೆರವಿಗೆ ಬರುವ ಕಾಲೇಜು ವಿದ್ಯಾರ್ಥಿಗಳು ಉತ್ತರ ಹೇಳುವಂತಿಲ್ಲ, ಮರುಪ್ರಶ್ನೆ ಹಾಕಿ ಉತ್ತರ ಹೊರಡಿಸಬೇಕು ಎಂಬುದು ಅವರ ಪದ್ಧತಿ. ‘ಅವಿಡ್’ ಎಂಬ ಹೆಸರಿನ ಈ ವಿಧಾನವನ್ನು ಈಗ ಸಾವಿರಾರು ಶಾಲೆಗಳು ಅನುಸರಿಸುತ್ತಿವೆ.

ಓದಿನ ಅಡ್ಡಿ ದಾಟಿದರೂ ಕಾಗದದ ಅಡ್ಡಿ ಉಳಿಯುತ್ತದೆ. ಅಮೆರಿಕದಲ್ಲಿ ಸರ್ಕಾರದ ಧನಸಹಾಯ ಬೇಕಾದವರೆಲ್ಲರೂ ‘ಫಾಫ್ಸಾ’ ಎಂಬ ಅರ್ಜಿ ತುಂಬಬೇಕು. ಬಹುಕಾಲ ಅದರಲ್ಲಿ ನೂರಕ್ಕೂ ಹೆಚ್ಚು ಪ್ರಶ್ನೆಗಳಿದ್ದವು. ಅಪ್ಪ ಅಮ್ಮನ ಆದಾಯ ತೆರಿಗೆಯ ವಿವರ ಬೇಕು. ಎರಡು ಕಡೆ ಕೂಲಿ ಮಾಡುವ, ಇಂಗ್ಲಿಷ್ ಸರಿಯಾಗಿ ಬಾರದ ತಂದೆಗೆ ಸರ್ಕಾರ ತನ್ನ ಸಂಪಾದನೆಯನ್ನು ಏಕೆ ಕೇಳುತ್ತಿದೆ ಎಂಬ ಅಂಜಿಕೆ. ಹೆಚ್ಚು ನೆರವು ಬೇಕಾದವರೇ ಅರ್ಜಿಯನ್ನು ಅರ್ಧಕ್ಕೆ ಬಿಡುತ್ತಿದ್ದರು.

ಈ ಬಗ್ಗೆ 2008ರಲ್ಲಿ ನಡೆದ ಒಂದು ಪ್ರಯೋಗ ಕುತೂಹಲಕರವಾದುದು. ಒಹಾಯೊ ಮತ್ತು ಉತ್ತರ ಕ್ಯಾರೊಲಿನಾ ರಾಜ್ಯಗಳಲ್ಲಿ ಎಚ್ ಅಂಡ್ ಆರ್ ಬ್ಲಾಕ್ ಎಂಬ ತೆರಿಗೆ ಸಲಹಾ ಕಂಪನಿಯ ಕಚೇರಿಗಳಿಗೆ ಬಂದ ಕಡಿಮೆ ಆದಾಯದವರಲ್ಲಿ, ಮಕ್ಕಳು ಕಾಲೇಜು ವಯಸ್ಸಿಗೆ ಬಂದಿದ್ದವರನ್ನು ಸಂಶೋಧಕರು ಚೀಟಿ ಎತ್ತಿದಂತೆ ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ತೆರಿಗೆ ಕಾಗದದಲ್ಲಿದ್ದ ಅಂಕಿಗಳನ್ನೇ ಬಳಸಿ ಅಲ್ಲೇ ಆ ಅರ್ಜಿಯನ್ನು ತುಂಬಿಸಿಕೊಟ್ಟರು. ಕೆಲವೇ ನಿಮಿಷದ ಕೆಲಸ. ಇನ್ನೊಂದು ಗುಂಪಿಗೆ ಎಷ್ಟು ನೆರವು ಸಿಗಬಹುದು ಎಂಬ ಮಾಹಿತಿಯನ್ನು ಮಾತ್ರ ಕೊಟ್ಟು, ಅರ್ಜಿ ನೀವೇ ಹಾಕಿ ಎಂದರು. ಅರ್ಜಿ ತುಂಬಿಸಿಕೊಟ್ಟ ಮನೆಗಳ ಹೈಸ್ಕೂಲು ಮಕ್ಕಳಲ್ಲಿ, ಮುಂದೆ ಎರಡು ವರ್ಷ ಕಾಲೇಜು ಓದಿದವರ ಪ್ರಮಾಣ ಶೇ 28ರಿಂದ ಶೇ 36ಕ್ಕೆ ಏರಿತು. ಮಾಹಿತಿ ಮಾತ್ರ ಪಡೆದವರಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯೇ ಕಾಣಲಿಲ್ಲ. ಜಾಗೃತಿ ಮೂಡಿಸುವ ಕರಪತ್ರಗಳನ್ನು ಹಂಚಿ ಕೈತೊಳೆದುಕೊಳ್ಳುವ ಅಧಿಕಾರಿಗಳು ಎಲ್ಲ ದೇಶಗಳಲ್ಲೂ ಇದ್ದಾರೆ. ಅವರು ಈ ಫಲಿತಾಂಶವನ್ನು ಒಮ್ಮೆ ಓದಬೇಕು. ಅರ್ಜಿಯನ್ನು ಸರಳಗೊಳಿಸುವ ಕಾನೂನೂ ಮುಂದೆ ಬಂತು. ಆದರೆ ಹೊಸ ಅರ್ಜಿ ವಾಡಿಕೆಯ ಅಕ್ಟೋಬರ್ ಬಿಟ್ಟು 2023ರ ಡಿಸೆಂಬರ್ ಕೊನೆಗೆ ಹೊರಬಂದು, 2024ರಲ್ಲಿ ಲೋಪದ ಮೇಲೆ ಲೋಪ ಕಂಡು ಎಷ್ಟೋ ಕುಟುಂಬಗಳನ್ನು ಕಂಗೆಡಿಸಿತು.

ಸೀಟು ಸಿಕ್ಕಿ, ನೆರವೂ ಸಿಕ್ಕಿದ ಮೇಲೆ? ಅಲ್ಲಿಗೂ ಮುಗಿಯದು. ಕಾಲೇಜಿಗೆ ಸೇರುತ್ತೇನೆ ಎಂದು ಒಪ್ಪಿಗೆ ಕೊಟ್ಟು, ಬೇಸಿಗೆ ಕಳೆದು ತರಗತಿ ಶುರುವಾಗುವಾಗ ಬಾರದೇ ಉಳಿಯುವ ಮಕ್ಕಳಿದ್ದಾರೆ. ಇದಕ್ಕೆ ಅಲ್ಲಿನವರು ಬೇಸಿಗೆಯ ಕರಗುವಿಕೆ ಎಂದು ಹೆಸರಿಟ್ಟಿದ್ದಾರೆ. ಬೆಂಜಮಿನ್ ಕ್ಯಾಸಲ್‌ಮನ್, ಲಿಂಡ್ಸೆ ಪೇಜ್ ಎಂಬ ಸಂಶೋಧಕರ ಅಂದಾಜಿನಂತೆ ಹೀಗೆ ಕರಗಿ ಹೋಗುವವರು ನೂರಕ್ಕೆ ಹತ್ತರಿಂದ ಇಪ್ಪತ್ತು. ಬಡ ಮಕ್ಕಳಲ್ಲಿ ಇನ್ನೂ ಹೆಚ್ಚು. ವಿಮೆಯ ಕಾಗದ, ಹಾಸ್ಟೆಲ್ ಮುಂಗಡ, ಲಸಿಕೆಯ ಪ್ರಮಾಣಪತ್ರ, ಹೀಗೆ ಯಾವುದೋ ಸಣ್ಣದೊಂದು ತೊಡಕು ಆ ಬೇಸಿಗೆಯಲ್ಲಿ ಎದುರಾಗುತ್ತದೆ. ಹೈಸ್ಕೂಲು ಮುಗಿದಿರುವುದರಿಂದ ಅಲ್ಲಿನ ಸಲಹೆಗಾರರಿಲ್ಲ, ಕಾಲೇಜು ಇನ್ನೂ ಶುರುವಾಗಿಲ್ಲ. ಕೇಳಲು ಯಾರೂ ಇಲ್ಲದ ಎರಡು ಮೂರು ತಿಂಗಳು. ಅಮ್ಮ ದುಡಿಯಲು ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳುತ್ತಿದ್ದವಳು, ಆಸ್ಪತ್ರೆಯಲ್ಲಿ ವೈದ್ಯರ ಮಾತನ್ನು ಅಪ್ಪನಿಗೆ ಸ್ಪ್ಯಾನಿಷ್‌ನಲ್ಲಿ ತಿಳಿಸಿ ಹೇಳುತ್ತಿದ್ದವಳು ಹಿರಿ ಮಗಳೇ ಆಗಿದ್ದರೆ ಆ ಮನೆಯಿಂದ ಕಾಲು ಕೀಳುವುದು ಸುಲಭವಲ್ಲ.

ಇಷ್ಟೆಲ್ಲ ಮಾಡಿ ಫಲವೇನು? ಗೆದ್ದವರ ಪಟ್ಟಿ ಕೇಳಿದರೆ ಕಾರ್ಯಕ್ರಮದವರು ಹೆಮ್ಮೆಯಿಂದ ಹೇಳುವ ಹೆಸರುಗಳಿವೆ. ಟೆಲಿವಿಷನ್ ತಾರೆ ಓಪ್ರಾ ವಿನ್‌ಫ್ರೀ, ನಟಿಯರಾದ ಏಂಜೆಲಾ ಬ್ಯಾಸೆಟ್ ಮತ್ತು ವಯೋಲಾ ಡೇವಿಸ್, ಗಗನಯಾತ್ರಿ ಹೋಸೆ ಹೆರ್ನಾಂಡೆಜ್ ಎಲ್ಲರೂ ಅಪ್‌ವರ್ಡ್ ಬೌಂಡ್‌ನಲ್ಲಿದ್ದವರೇ. ಆದರೆ ತಾರೆಗಳನ್ನು ತೋರಿಸಿ ಯೋಜನೆಯ ಫಲವನ್ನು ಅಳೆಯಲಾಗದು. ಅವರು ಇದಿಲ್ಲದೆಯೂ ಮೇಲೆ ಬರುತ್ತಿದ್ದರೇನೋ ಎಂಬ ಪ್ರಶ್ನೆ ಉಳಿಯುತ್ತದೆ.

ಆ ಪ್ರಶ್ನೆಗೆ ಉತ್ತರ ಹುಡುಕಲು ಶಿಕ್ಷಣ ಇಲಾಖೆ 1990ರ ದಶಕದ ಮೊದಲಲ್ಲಿ ಮ್ಯಾಥಮೆಟಿಕಾ ಎಂಬ ಸಂಶೋಧನಾ ಸಂಸ್ಥೆಗೆ ಕೆಲಸ ವಹಿಸಿತು. ದೇಶದ 67 ಕೇಂದ್ರಗಳಲ್ಲಿ ಅರ್ಜಿ ಹಾಕಿದ ಅರ್ಹ ಮಕ್ಕಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಲಾಯಿತು. ಒಂದು ಪಾಲಿಗೆ ಪ್ರವೇಶ ಸಿಕ್ಕಿತು, ಇನ್ನೊಂದಕ್ಕೆ ಇಲ್ಲ. ಎರಡೂ ಪಾಲಿನವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, 2009ರಲ್ಲಿ ಕೊನೆಯ ವರದಿ ಹೊರಬಂತು. ಒಟ್ಟಾರೆಯಾಗಿ ಕಾಲೇಜು ಸೇರುವವರ ಸಂಖ್ಯೆಯಲ್ಲಿ ಗುರುತಿಸಬಹುದಾದ ವ್ಯತ್ಯಾಸವಿಲ್ಲ. ವೃತ್ತಿ ಶಿಕ್ಷಣದ ಪ್ರಮಾಣಪತ್ರ ಪಡೆದವರು ಮಾತ್ರ ಹೆಚ್ಚಿದ್ದಾರೆ. ಮೊದಲಿಗೆ ಪದವಿಯ ಆಸೆಯನ್ನೇ ಇಟ್ಟುಕೊಳ್ಳದೆ ಬಂದ ಮಕ್ಕಳಿಗೆ ಹೆಚ್ಚು ಪ್ರಯೋಜನವಾಗಿದೆ ಎಂಬುದು ವರದಿಯ ಸಾರ.

ಕಾರ್ಯಕ್ರಮವನ್ನು ಮುಚ್ಚಬೇಕೆನ್ನುವವರಿಗೆ ಇದು ಆಯುಧವಾಯಿತು. ಆದರೆ ಆ ಅಧ್ಯಯನದ ಉಸ್ತುವಾರಿ ನೋಡಿದ್ದ ಇಲಾಖೆಯ ಮಾರ್ಗರೆಟ್ ಕಹಾಲನ್ ಅವರೇ ಲೆಕ್ಕದಲ್ಲಿ ದೋಷವಿದೆ ಎಂದರು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು, ನಿಜ. ಆದರೆ ಆ ಅಗುಳು ಅದೇ ಪಾತ್ರೆಯದಾಗಿರಬೇಕು. 67 ಕೇಂದ್ರಗಳಲ್ಲಿ ಒಂದೇ ಒಂದು ಕೇಂದ್ರದ ಫಲಿತಾಂಶಕ್ಕೆ ಇಡೀ ದೇಶದ ಲೆಕ್ಕದಲ್ಲಿ ಶೇ 26ರಷ್ಟು ತೂಕ ಬಿದ್ದಿತ್ತು. ಅದು ಉಳಿದವುಗಳಂತಿರಲಿಲ್ಲ. ಅದನ್ನು ಸರಿಪಡಿಸಿ ಲೆಕ್ಕ ಹಾಕಿದಾಗ ಕಾರ್ಯಕ್ರಮದ ಪರವಾಗಿ ಫಲ ಕಂಡಿತು ಎಂಬುದು ಅವರ ವಾದ. ಇದಲ್ಲದೆ ಚೀಟಿಯಲ್ಲಿ ಸೋತ ಮಕ್ಕಳೂ ಸುಮ್ಮನೆ ಕೂತಿರಲಿಲ್ಲ. ಹಲವರು ಬೇರೆ ಕಡೆ ಇದೇ ಬಗೆಯ ನೆರವು ಪಡೆದಿದ್ದರು. ಸಂಖ್ಯಾಶಾಸ್ತ್ರದ ಈ ಜಗಳ ಇನ್ನೂ ತಣ್ಣಗಾಗಿಲ್ಲ.

ಅದಕ್ಕಿಂತ ಕಟುವಾದ ಜಗಳ ಇನ್ನೊಂದು. 2006ರ ಹೊತ್ತಿಗೆ ಇಲಾಖೆ ಇನ್ನೊಂದು ಅಧ್ಯಯನ ಹೂಡಿತು. ಅದರಲ್ಲಿ ಭಾಗಿಯಾಗುವ ಕೇಂದ್ರಗಳು ತಮ್ಮಲ್ಲಿರುವ ಸ್ಥಾನಗಳ ಎರಡರಷ್ಟು ಮಕ್ಕಳನ್ನು ಹುಡುಕಿ ಕರೆತರಬೇಕು, ಅವರಲ್ಲಿ ಅರ್ಧ ಮಂದಿಯನ್ನು ಹೋಲಿಕೆಗೆಂದು ಹೊರಗಿಡಬೇಕು ಎಂಬುದು ಷರತ್ತು. ಮನೆಮನೆಗೆ ಹೋಗಿ ನಿಮ್ಮ ಮಗಳನ್ನು ಕಳಿಸಿ ಎಂದು ಒಪ್ಪಿಸಿದವರೇ ಆಮೇಲೆ ನಿಮ್ಮ ಚೀಟಿ ಬರಲಿಲ್ಲ ಎನ್ನಬೇಕು! ಕೇಂದ್ರಗಳ ನಿರ್ದೇಶಕರು ಸಿಡಿದೆದ್ದರು. ಸಂಸತ್ತು ಮಧ್ಯೆ ಬಂದು 2008ರಲ್ಲಿ ಅಧ್ಯಯನವೇ ನಿಂತುಹೋಯಿತು. ಸ್ಥಾನಗಳು ಕಡಿಮೆ, ಬೇಡಿಕೆ ಹೆಚ್ಚು ಇರುವಾಗ ಚೀಟಿ ಎತ್ತುವುದರಲ್ಲಿ ಅನ್ಯಾಯವಿಲ್ಲ. ಆದರೆ ನಿರಾಸೆ ಮಾಡುವುದಕ್ಕೆಂದೇ ಆಸೆ ಹುಟ್ಟಿಸುವುದು ಬೇರೆಯದೇ ಮಾತು. ಸಾರ್ವಜನಿಕರ ಹಣ ಎಲ್ಲಿಗೆ ಹೋಯಿತೆಂದು ಅಳೆಯುವುದು ಅಗತ್ಯ ಎಂದು ನಂಬುವ ಈ ಲೇಖಕನಿಗೂ ಇದರಲ್ಲಿ ನಿರ್ದೇಶಕರ ಪಕ್ಷವೇ ಸರಿ ಎನ್ನಿಸುತ್ತದೆ.

ಅಳತೆಯ ಹೆಸರಿನಲ್ಲಿ ನಡೆಯುವ ಕಚೇರಿಯ ಕುರುಡುತನಕ್ಕೆ 2017ರ ಪ್ರಸಂಗ ಸಾಕು. ಅನುದಾನ ಐದು ವರ್ಷಕ್ಕೊಮ್ಮೆ. ಅವಧಿ ಮುಗಿದಾಗ ಹಳೆಯ ಕೇಂದ್ರಗಳೂ ಹೊಸಬರ ಜೊತೆ ಸ್ಪರ್ಧಿಸಿ ಮತ್ತೆ ಅರ್ಜಿ ಹಾಕಬೇಕು. ಆ ವರ್ಷ ಹತ್ತಾರು ಅರ್ಜಿಗಳನ್ನು ಇಲಾಖೆ ಓದದೆಯೇ ತಿರಸ್ಕರಿಸಿತು. ಕಾರಣ? ಎರಡು ಸಾಲುಗಳ ನಡುವೆ ನಿಗದಿತ ಅಂತರವಿಲ್ಲ ಎಂಬಂಥವು. ಮೇನ್ ರಾಜ್ಯದ ಪ್ರೆಸ್ಕ್ ಐಲ್‌ನ ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಚಿತ್ರಗಳ ಒಳಗಿನ ಬರಹದ ಸಾಲುಗಳು ಬೇಕಾದ್ದಕ್ಕಿಂತ ಒತ್ತೊತ್ತಾಗಿದ್ದವು. ಒಹಾಯೊದ ವಿಟೆನ್‌ಬರ್ಗ್ ವಿಶ್ವವಿದ್ಯಾಲಯದ್ದೂ ಇಂಥದೇ ತಪ್ಪು. ಎರಡೂ ಪಕ್ಷಗಳ ಸಂಸದರು ಕೂಗೆಬ್ಬಿಸಿದ ಮೇಲೆ ಅದೇ ವರ್ಷ ಇಲಾಖೆ ಪಟ್ಟು ಸಡಿಲಿಸಿ ಅರ್ಜಿಗಳನ್ನು ಓದಲು ಒಪ್ಪಿತು. ಕಾಗದ ತುಂಬುವುದು ಹೇಗೆಂದು ಮಕ್ಕಳಿಗೆ ಕಲಿಸುವವರೇ ಕಾಗದದಲ್ಲಿ ಎಡವಿದ್ದರು.

2024ರಲ್ಲಿ ಟ್ರಿಯೊ ಕಾರ್ಯಕ್ರಮಗಳಿಗೆಲ್ಲ ಸೇರಿ ಸಂಸತ್ತು ಕೊಟ್ಟದ್ದು ಸುಮಾರು 119 ಕೋಟಿ ಡಾಲರ್. ಅಪ್‌ವರ್ಡ್ ಬೌಂಡ್ ಒಂದರಲ್ಲೇ ವರ್ಷಕ್ಕೆ ಸುಮಾರು 70 ಸಾವಿರ ಮಕ್ಕಳು. ಮರುವರ್ಷ, 2025ರಲ್ಲಿ, ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರ ಆಡಳಿತ ಮುಂದಿನ ಸಾಲಿನ ಬಜೆಟ್ ಪ್ರಸ್ತಾವದಲ್ಲಿ ಟ್ರಿಯೊಗೆ ಹಣವೇ ಬೇಡ ಎಂದಿತು. ಕಾಲೇಜಿಗೆ ಬರುವುದು ಈಗ ಕಷ್ಟವಲ್ಲ, ಬೇಕಾದರೆ ಕಾಲೇಜುಗಳೇ ಮಕ್ಕಳನ್ನು ಹುಡುಕಿಕೊಳ್ಳಲಿ ಎಂಬ ಧಾಟಿ ಅದರದು. ಹಣದ ಥೈಲಿ ಸಂಸತ್ತಿನ ಕೈಯಲ್ಲಿ, ಅದೂ ವರ್ಷ ವರ್ಷದ ಲೆಕ್ಕ. ಒಂಬತ್ತನೆಯ ತರಗತಿಯಲ್ಲಿ ಸೇರಿದ ಹುಡುಗಿ ಹನ್ನೆರಡನೆಯದನ್ನು ಮುಗಿಸಲು ನಾಲ್ಕು ವರ್ಷ ಬೇಕು.